ಕೌದಿ-ಕಂಬಳಿ ಎತ್ತಿಡುವ ಸರಿಯಾದ ರೀತಿ
(ರೋಗಿಗಳು ಹಾಗೂ ಅವರ ಮನೆಯವರ ಗಮನಕ್ಕೆ)

ಶಿವರಾತ್ರಿ ಕಳೆದರೆ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಚಳಿ ಹಿಂದೆ ಸರಿಯುತ್ತದೆ. ಕೌದಿ, ಕಂಬಳಿ, ರಗ್ಗುಗಳು ಅಟ್ಟ ಸೇರುತ್ತವೆ. ಮಿರಗದ ಮಳೆ ಹಿಡಿದು ಥಂಡಿ ಶುರುವಾದಾಗ ಅವನ್ನು ಇಳಿಸಿ ಹಾಗೆಯೇ ಹೊದೆಯುತ್ತೇವೆ. ಅಂದು ರಾತ್ರಿಯೇ ಸೀನು, ಕೆಮ್ಮು, ದಮ್ಮು ಬಂದರೆ "ಹವಾ ಬದಲಾಯಿತು" ಎನ್ನುತ್ತೇವೆ. ಅನೇಕ ಸಲ ತಪ್ಪು ಹವೆಯದಲ್ಲ, ಹೊದಿಕೆಯದು.

ಕಾರಣವೇನು?
ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳಿರುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಆಹಾರ. ತೇವವಿದ್ದಲ್ಲಿ ಅವು ಹೆಚ್ಚುತ್ತವೆ. ಅವುಗಳ ಹಿಕ್ಕೆ ಉಸಿರಿನೊಂದಿಗೆ ಒಳಸೇರಿದರೆ ಅಲರ್ಜಿ, ದಮ್ಮು ಇದ್ದವರಿಗೆ ತ್ರಾಸ ಹೆಚ್ಚುತ್ತದೆ. ಕೌದಿಯಲ್ಲಿ ಹಳೆಯ ಸೀರೆ, ಧೋತರಗಳ ಹಲವು ಪದರಗಳಿರುತ್ತವೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ.

ಎತ್ತಿಡುವ ಕ್ರಮ
1. ಹೋಳಿಯಿಂದ ಯುಗಾದಿವರೆಗಿನ ಬಿಸಿಲು ಈ ಕೆಲಸಕ್ಕೆ ಉತ್ತಮ. ಮಳೆಗಾಲದವರೆಗೆ ಮುಂದೂಡಬೇಡಿ.
2. ಮೊದಲು ಹೊರಗೆ ಬಡಿದು ಧೂಳು ಕೊಡವಿ. ದಮ್ಮು ಇದ್ದವರು ಈ ಕೆಲಸ ಮಾಡಬಾರದು. ಮಾಡುವವರು ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.
3. ಕೌದಿ, ಚಾದರಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಧೂಳುನುಸಿ ಸಾಯುತ್ತದೆ. ಉಣ್ಣೆಯ ಕಂಬಳಿಗೆ ಬಿಸಿನೀರು ಬೇಡ, ಕುಗ್ಗುತ್ತದೆ. ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ.
4. ಎರಡೂ ಮಗ್ಗುಲು ತಿರುವಿ ಎರಡು ದಿನ ಒಣಗಿಸಿ. ದಪ್ಪ ಅಂಚನ್ನು ಒತ್ತಿ ನೋಡಿ. ತಂಪೆನಿಸಿದರೆ ಇನ್ನೂ ಒಂದು ದಿನ ಬಿಸಿಲಿಗೆ ಹಾಕಿ. ನೆರಳಿನಲ್ಲಿ ಆರಿದ ಮೇಲೆಯೇ ಮಡಚಿರಿ.
5. ಉದ್ದಕ್ಕೆ ಮೂರು ಮಡಿಕೆ ಮಾಡಿ ಬಿಗಿಯಾಗಿ ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ. ಒಗೆದ ಹಳೆಯ ಧೋತರದಲ್ಲಿ ಕಟ್ಟಿ ಟ್ರಂಕಿನಲ್ಲಿಡಿ. ಭಾರದ್ದು ಕೆಳಗೆ, ಹಗುರಾದದ್ದು ಮೇಲೆ.
6. ಟ್ರಂಕನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಅಥವಾ ಇಟ್ಟಂಗಿಯ ಮೇಲಿಡಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ತೆರೆದು ಗಾಳಿಯಾಡಿಸಿ.
7. ಗೊಬ್ಬರ, ಕ್ರಿಮಿನಾಶಕ, ಔಷಧ ಸವರಿದ ಗೋವಿನಜೋಳದ ಬೀಜ ತುಂಬಿದ್ದ ಚೀಲಗಳಲ್ಲಿ ಹಾಸಿಗೆಯನ್ನು ಎಂದೂ ತುಂಬಬೇಡಿ. ತೊಳೆದರೂ ವಿಷದ ಅಂಶ ಉಳಿಯಬಹುದು.

ನುಸಿ ಗುಳಿಗೆ: ಹಸುಗೂಸಿಗೆ ಅಪಾಯ
ಬಾಣಂತಿಗೆಂದು ಟ್ರಂಕಿನಿಂದ ತೆಗೆದ ಕೌದಿಯಲ್ಲಿ ಡಾಂಬರ ಗುಳಿಗೆಯ ವಾಸನೆ ಇದ್ದರೆ ಅದನ್ನು ಕೂಸಿಗೆ ಹೊದಿಸಬೇಡಿ. ಈ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಮೈಸೇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ನೋಡಿದರೆ ತಿಳಿಯುವುದಿಲ್ಲ. ಅಂಥ ಕೂಸಿನ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರುತ್ತದೆ. ತಡವಾದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕೂಸಿನ ಕಣ್ಣು, ಮೈ ಹಳದಿಯಾದರೆ, ಮೂತ್ರ ಚಹಾ ಬಣ್ಣವಾದರೆ, ಮೊಲೆ ಕುಡಿಯದೆ ಮಂಕಾಗಿ ಮಲಗಿದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಗುಳಿಗೆ ಬಳಸುತ್ತಿದ್ದುದನ್ನು ವೈದ್ಯರಿಗೆ ತಿಳಿಸಿ.

ಮಗು ಗುಳಿಗೆ ನುಂಗಿದರೆ ವಾಂತಿ ಮಾಡಿಸಬೇಡಿ, ಹಾಲು-ಎಣ್ಣೆ ಕೊಡಬೇಡಿ. ಗುಳಿಗೆಯ ಪೊಟ್ಟಣದೊಂದಿಗೆ ತಕ್ಷಣ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಾಣಂತಿ, ಕೂಸು ಇರುವ ಮನೆಯಲ್ಲಿ ಈ ಗುಳಿಗೆ ಬೇಡವೇ ಬೇಡ. ಚೆನ್ನಾಗಿ ಒಗೆದು, ಒಣಗಿಸಿ, ಆಗಾಗ ಬಿಸಿಲು ತೋರಿಸಿದರೆ ಕಂಬಳಿ ಉಳಿಯುತ್ತದೆ.

ಮನೆಯಲ್ಲಿ ಕಜ್ಜಿ ಇದ್ದರೆ
ಕಜ್ಜಿಯ ಹುಳು ಮೈ ಬಿಟ್ಟು ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕದು. ಔಷಧ ಹಚ್ಚಿಕೊಳ್ಳುವ ದಿನವೇ, ಹಿಂದಿನ ಮೂರು ದಿನ ಬಳಸಿದ ಹಾಸಿಗೆ-ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ ಗಾದಿ, ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಬದಿಗಿಡಿ. ಮನೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು. ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಅಂಟುತ್ತದೆ.

ಅಜ್ಜಿ ಹೊಲಿದ ಕೌದಿ ಮೊಮ್ಮಗನಿಗೆ ಬೆಚ್ಚಗಿರಲಿ, ರೋಗ ತರದಿರಲಿ. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ನಿಮ್ಮ ಟ್ರಂಕನ್ನು ಒಮ್ಮೆ ತೆರೆದು ನೋಡಿ.