ಸರಕು ವ್ಯಾನ್‌ನ ಪವರ್ ಮಾಡ್ಯೂಲ್ ಬದಲಿಸುವ ಕ್ರಮ

ವ್ಯಾನ್‌ನ ಬ್ಯಾಟರಿಯಿಂದ ಹೊರಟ ದಪ್ಪ ವೈರು ಬಂದು ಸೇರುವುದು ಪವರ್ ಮಾಡ್ಯೂಲ್‌ಗೆ. ಗ್ಯಾರೇಜುಗಳಲ್ಲಿ ಫ್ಯೂಸ್ ಬಾಕ್ಸ್ ಎಂದರೂ ಇದೇ. ಹೆಡ್‌ಲೈಟ್, ಹಾರ್ನ್, ವೈಪರ್, ಇಂಧನ ಪಂಪ್‌ಗಳಿಗೆ ಕರೆಂಟ್ ಹಂಚುವ ಫ್ಯೂಸ್, ರಿಲೇಗಳು ಇದರಲ್ಲಿರುತ್ತವೆ. ಹೊಸ ವಾಹನಗಳಲ್ಲಿ ಸರ್ಕ್ಯೂಟ್ ಬೋರ್ಡೂ ಇದರೊಳಗೇ ಕೂತಿರುತ್ತದೆ.

ಹೆಡ್‌ಲೈಟ್ ಆಗಾಗ ಆರಿದರೆ, ಕೀ ತಿರುಗಿಸಿದಾಗ ಪಂಪ್ ಸದ್ದು ಕೇಳದಿದ್ದರೆ ಅನುಮಾನ ಮೊದಲು ಹೋಗುವುದು ಮಾಡ್ಯೂಲ್ ಮೇಲೆ. ಆದರೆ ಪರೀಕ್ಷಿಸದೆ ಹೊಸದನ್ನು ತಂದರೆ ದುಡ್ಡು ದಂಡ. ಎಂಜಿನ್ ನಿಲ್ಲಿಸಿ ಕೆಲ ಗಂಟೆ ಕಳೆದ ಮೇಲೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಬೇಕು. ಬಳಿಕ ಹೆಡ್‌ಲೈಟ್ ಹಾಕಿ, ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೂ ಮುಟ್ಟಿಸಬೇಕು. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ದೋಷ ಅರ್ತ್ ವೈರಿನಲ್ಲಿದೆ. ಒಂದೇ ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಆ ದಾರಿಯ ವೈರ್ ಎಲ್ಲೋ ಉಜ್ಜಿ ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದೇ ನಂಬರಿನ ರಿಲೇ ಅದಲುಬದಲು ಮಾಡಿಯೂ ನೋಡಬೇಕು. ಮಾಡ್ಯೂಲ್‌ಗೆ ಕರೆಂಟ್ ಸರಿಯಾಗಿ ಬಂದು, ಫ್ಯೂಸ್, ರಿಲೇ ಚೆನ್ನಾಗಿದ್ದು, ಚಾಲೂ ಮಾಡಿದಾಗಲೂ ಹೊರಗೆ ಹೋಗದಿದ್ದರೆ ಮಾತ್ರ ಬದಲಿಸುವ ಮಾತು.

ಹೊಸದರ ಪಾರ್ಟ್ ನಂಬರ್ ಹಳೆಯದಕ್ಕೆ ಹೊಂದಬೇಕು. ಮರ್ಸಿಡಿಸ್ ಸ್ಪ್ರಿಂಟರ್‌ನ ‘ಸ್ಯಾಮ್’ನಂಥ ಘಟಕಗಳಿಗೆ ಅಳವಡಿಸಿದ ಮೇಲೆ ಕಂಪ್ಯೂಟರ್ ಮೂಲಕ ಕೋಡಿಂಗ್ ಬೇಕು, ಆ ಸೌಲಭ್ಯವಿರುವ ಸರ್ವಿಸ್ ಸೆಂಟರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕೀ ತೆಗೆದು, ನೆಗೆಟಿವ್ ಟರ್ಮಿನಲ್ಲನ್ನೇ ಮೊದಲು ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಏರ್‌ಬ್ಯಾಗ್ ಇದ್ದರೆ ಕೆಲವು ನಿಮಿಷ ಕಾಯಬೇಕು. ಕನೆಕ್ಟರ್‌ಗಳ ಫೋಟೊ ತೆಗೆದುಕೊಂಡು, ದಪ್ಪ ವೈರಿನ ನಟ್ ಬಿಚ್ಚಿ, ಲಾಕ್ ಒತ್ತಿ ಒಂದೊಂದೇ ಕನೆಕ್ಟರ್ ಕೀಳಬೇಕು. ವೈರ್ ಹಿಡಿದು ಎಳೆಯಲೇಬಾರದು.

ಬಹಳ ಮಂದಿ ಅವಸರಪಡುವುದು ಇಲ್ಲೇ. ಕಳಚಿದ ಕನೆಕ್ಟರ್‌ಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ನೀರು ಒಳಗೆ ಇಳಿದಿದೆ ಎಂದರ್ಥ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಬೇಕು, ನೀರು ಬಂದ ದಾರಿಯನ್ನೂ ಮುಚ್ಚಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಪಿನ್ನಿನ ತವರದ ಲೇಪನ ಹೋಗುತ್ತದೆ. ಪ್ಲಾಸ್ಟಿಕ್ ಕಂದಿ ಕರಗಿದ್ದರೆ ಆ ಟರ್ಮಿನಲ್ ಕತ್ತರಿಸಿ ಹೊಸದನ್ನು ಹಾಕದೆ ಗತಿಯಿಲ್ಲ. ಸುಟ್ಟ ಟರ್ಮಿನಲ್ಲನ್ನೇ ಚುಚ್ಚಿದರೆ ಹೊಸ ಮಾಡ್ಯೂಲೂ ಸುಡುತ್ತದೆ.

ಹಳೆಯ ಮಾಡ್ಯೂಲ್ ತೆಗೆದು ಹೊಸದನ್ನು ಅದರ ಜಾಗದಲ್ಲಿ ಇಟ್ಟ ಮೇಲೆ ಫ್ಯೂಸ್‌ಗಳನ್ನು ಮುಚ್ಚಳದ ನಕ್ಷೆಯಂತೆ ಕೂರಿಸಬೇಕು: ಸಾಮಾನ್ಯ ಬ್ಲೇಡ್ ಫ್ಯೂಸ್‌ಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕನೆಕ್ಟರ್‌ಗಳು ‘ಟಕ್’ ಎಂದು ಕೂರಬೇಕು. ದಪ್ಪ ವೈರಿನ ನಟ್ಟನ್ನು ಸರ್ವಿಸ್ ಪುಸ್ತಕದ ಟಾರ್ಕ್‌ಗೆ ಬಿಗಿಯಬೇಕು. ಸಡಿಲ ಜೋಡಣೆಯಲ್ಲಿ ಕೇವಲ 0.01 ಓಮ್ ಪ್ರತಿರೋಧವಿದ್ದರೂ 60 ಆಂಪಿಯರ್ ಹರಿದಾಗ 36 ವಾಟ್ ಬಿಸಿ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಬ್ಯಾಟರಿಗೆ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿ ಕಾಲು ಗಂಟೆ ಓಡಿಸಿ, ಎಂಜಿನ್ ಆರಿಸಿ, ನಟ್ಟಿನ ಪಕ್ಕದ ವೈರಿನ ಹೊದಿಕೆಯನ್ನು ಮುಟ್ಟಿ ನೋಡಬೇಕು. ವೈರಿನ ಉಳಿದ ಭಾಗಕ್ಕಿಂತ ಅಲ್ಲಿ ಬಿಸಿ ಹೆಚ್ಚಿದ್ದರೆ ನೆಗೆಟಿವ್ ಬಿಚ್ಚಿ, ಆ ಜೋಡಣೆಯನ್ನು ಕಳಚಿ ಒರೆಸಿ ಮತ್ತೆ ಬಿಗಿಯಬೇಕು.