ಒಂದು ಭಾನುವಾರ, ಮೂರು ಕಲ್ಲಿನ ಪಾಠ

ಮಣಿಪಾಲಕ್ಕೆ ಓದಲು ಬಂದ ನಾವು ಹಾಸ್ಟೆಲ್, ಕ್ಲಾಸು, ಎಂಡ್ ಪಾಯಿಂಟ್ ಅಂತ ನಾಲ್ಕು ವರ್ಷ ಮುಗಿಸಿಬಿಡ್ತೇವೆ. ಒಂದು ಭಾನುವಾರ ಬಸ್ಸು ಹತ್ತಿದ್ರೆ ಸಿಲಬಸ್ಸಿನ ಒಂದಷ್ಟು ವಿಷಯ ಕಣ್ಣಿಗೇ ಕಾಣ್ತದೆ.

ಮೊದಲ ಪಾಠ ನಮ್ಮ ಕಾಲಡಿಯಲ್ಲೇ ಇದೆ. ಮಣಿಪಾಲ ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ಈ ಕಲ್ಲು ನೆಲದೊಳಗೆ ಮೆತ್ತಗೆ. ಕಡಿದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಅದಕ್ಕೇ ಇಲ್ಲಿಯ ಎಷ್ಟೋ ಹಳೆ ಮನೆಗಳ ಗೋಡೆ ಇದರದ್ದೇ. ಮೈತುಂಬ ತೂತಿರುವುದರಿಂದ ಮಳೆನೀರನ್ನು ಒಳಗೆ ಬಿಡ್ತದೆ. ಗುಡ್ಡಕ್ಕೆಲ್ಲ ಕಾಂಕ್ರೀಟ್ ಹಾಸಿದರೆ ಆ ನೀರು ಬಾವಿಗಲ್ಲ, ಚರಂಡಿಗೆ.

ಎರಡನೆಯದು ಕಾರ್ಕಳ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಬಾಹುಬಲಿ ಸುಮಾರು 42 ಅಡಿ ಎತ್ತರ. ಜೋಡಣೆ ಇಲ್ಲ, ಗಾರೆ ಇಲ್ಲ, ಒಂದೇ ಕಲ್ಲು. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಸಿಮೆಟ್ರಿ ಅಂದ್ರೇನು ಅಂತ ಒಂದು ಸುತ್ತು ಹಾಕಿದರೆ ಗೊತ್ತಾಗ್ತದೆ.

ಮೂರನೆಯದು ಕಾಪು. ಬೆಳ್ಮಣ್, ಪಡುಬಿದ್ರಿ ಮೇಲಾಗಿ ಬಂದರೆ ಕಡಲ ಬದಿಯ ಬಂಡೆ ಮೇಲೆ 1901ರ ದೀಪಸ್ತಂಭ. ಸುತ್ತ ಅಷ್ಟು ಮರಳಿದ್ದರೂ ಬಂಡೆಯೇ ಯಾಕೆ? ಅಲೆ ಮರಳನ್ನು ಕೊರೆದು ಒಯ್ಯುತ್ತದೆ, ಬಂಡೆಯನ್ನು ಅಷ್ಟು ಸುಲಭಕ್ಕೆ ಅಲ್ಲಾಡಿಸಲಾರದು. ಇನ್ನು ಎತ್ತರ ಯಾಕೆ? ಭೂಮಿ ಗುಂಡಗಿದೆ, ದೀಪ ಮೇಲಿದ್ದಷ್ಟೂ ದೂರದ ದೋಣಿಗೆ ಕಾಣ್ತದೆ.

ರಾತ್ರಿಯೊಳಗೆ ಉಡುಪಿ ರಥಬೀದಿ ತಲುಪಿ, ಬಿಸಿ ಗೋಳಿಬಜೆ ಮುರಿದು ನೋಡಿ. ಹಿಟ್ಟು ಹುಳಿ ಬಂದು ಒಳಗೆಲ್ಲ ತೂತು. ಮುರಕಲ್ಲು ನೆನಪಾದರೆ ಪಾಠ ತಲೆಗೆ ಹೋಯ್ತು ಅಂತ ಲೆಕ್ಕ.