ಮೊದಲು ಪೆಟ್ರೋಲ್, ಆಮೇಲೆ ಬೂಸ್ಟ್

ಟರ್ಬೊ ಕಾರಿನ ಬೂಸ್ಟ್ ಹೆಚ್ಚಿಸುವುದು ದೊಡ್ಡ ವಿದ್ಯೆಯೇನಲ್ಲ. ಬೂಸ್ಟಿಗೆ ಮಿತಿ ಹಾಕುವ ವೇಸ್ಟ್‌ಗೇಟಿಗೆ ಹೋಗುವ ಪೈಪಿನ ನಡುವೆ ಒಂದು ಪುಟ್ಟ ಕಂಟ್ರೋಲರ್ ಕೂರಿಸಿ ತಿರುಪು ಬಿಗಿದರೆ ಸಾಕು, ಕಾರಿನ ನಡಿಗೆಯೇ ಬದಲಾಗುತ್ತದೆ. ಒಳಗೆ ನುಗ್ಗುವ ಆ ಹೆಚ್ಚಿನ ಗಾಳಿಗೆ ತಕ್ಕ ಪೆಟ್ರೋಲ್ ಕೊನೆಯ ಆರ್‌ಪಿಎಂವರೆಗೂ ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದೇ ಕಷ್ಟ. ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದನ್ನು ಕೊಂಡು ಸಾಕಿದ ವರ್ಷಗಳಲ್ಲಿ ನಾನು ಕಲಿತದ್ದರ ಸಾರ ಇಷ್ಟೇ.

ಆ ಕಾರಿನದು 1.8 ಲೀಟರಿನ, ಸಿಲಿಂಡರಿಗೆ ಐದು ವಾಲ್ವಿನ ಟರ್ಬೊ ಎಂಜಿನ್. ಶಕ್ತಿ 150 ಪಿಎಸ್. ಇದೇ ಕುಲದ ಎಂಜಿನ್ ಆಡಿ ಟಿಟಿಯಲ್ಲಿ 225 ಕೊಟ್ಟಿದೆ ಎಂದು ಓದಿದ ಮೇಲೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಅಲ್ಲಿ ಟರ್ಬೊ ದೊಡ್ಡದು, ಇಂಜೆಕ್ಟರ್ ದೊಡ್ಡವು, ಇಂಟರ್‌ಕೂಲರೂ ಎರಡು. ಬರೀ ಬೂಸ್ಟ್ ಏರಿಸಿ ಆ ಮಟ್ಟ ಮುಟ್ಟಿದ್ದಲ್ಲ.

ಬೆಂಗಳೂರಿನ ನನ್ನ ಮೆಕ್ಯಾನಿಕ್ ಮೊದಲ ದಿನವೇ ಹೇಳಿದ: “ಸಾರ್, ಏನೂ ಹಾಕೋದು ಬೇಡ. ಮೊದಲು ಈ ಗಾಡಿ ಈಗ ಹೇಗಿದೆ ಅಂತ ನೋಡ್ಬಿಡೋಣ.” ಇನ್‌ಟೇಕ್ ಪೈಪಿನ ಬಾಯಿ ಮುಚ್ಚಿ, ಕಂಪ್ರೆಸರಿನಿಂದ ಗಾಳಿ ತುಂಬಿ, ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಎರಚಿದ. ಎರಡು ಕಡೆ ನೊರೆ ಉಕ್ಕಿತು. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಹೀಗೆ ಸೋರಿದರೆ ಎಂಜಿನ್ನಿನ ಕಂಪ್ಯೂಟರ್ ಇಸಿಯು ಲೆಕ್ಕ ತಪ್ಪುತ್ತದೆ: ಎಂಜಿನ್ ತಲುಪದ ಗಾಳಿಗೂ ಪೆಟ್ರೋಲ್ ಸುರಿಯುತ್ತದೆ. ಹೋದ ಬೂಸ್ಟ್ ತುಂಬಿಕೊಳ್ಳಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಕಾಯುತ್ತದೆ. ಪೈಪು, ಕ್ಲಾಂಪು ಬದಲಿಸಿದ ಮೇಲೆ ಕಾರು ಎಷ್ಟು ಚುರುಕಾಯಿತೆಂದರೆ, ಹಲವರಿಗೆ ಅಪ್‌ಗ್ರೇಡಿನ ಆಸೆಯೇ ತೀರುವಷ್ಟು.

ಮುಂದಿನ ಸರದಿ ಪೆಟ್ರೋಲಿನದು. ಈ ಎಂಜಿನ್ನಿನಲ್ಲಿ ಪೆಟ್ರೋಲಿನ ಒತ್ತಡ ಬೂಸ್ಟಿಗಿಂತ ಸದಾ 3 ಬಾರ್ ಹೆಚ್ಚಿರಬೇಕು. ಶಕ್ತಿ ಅಳೆಯುವ ಡೈನೋ ಮೇಲೆ ಕಾರು ಕಟ್ಟಿ, ಫ್ಯೂಯಲ್ ರೈಲಿಗೆ ಗೇಜ್ ಸಿಕ್ಕಿಸಿದೆವು. ಬೂಸ್ಟ್ 0.6 ಬಾರ್ ಇದ್ದಾಗ ಮುಳ್ಳು 3.6ರಲ್ಲಿ ನಿಲ್ಲಬೇಕು. 4,500 ಆರ್‌ಪಿಎಂವರೆಗೆ ನಿಂತಿತ್ತು, ಅಲ್ಲಿಂದ ಮೇಲೆ ನಡುಗುತ್ತಾ 3.3ಕ್ಕೆ ಜಾರಿತು. ಅಂದರೆ ಇಂಜೆಕ್ಟರಿನಿಂದ ಬರುವ ಪೆಟ್ರೋಲಿನಲ್ಲಿ ಸುಮಾರು ಶೇ 5ರಷ್ಟು ಖೋತಾ, ಅದೂ ಕಂಪನಿ ಕೊಟ್ಟ ಬೂಸ್ಟಿನಲ್ಲೇ! ಪಂಪ್ ಕೆಟ್ಟಿರಲಿಲ್ಲ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ಟ್ಯಾಂಕಿನ ಪಂಪಿಗೆ 11.5 ಮಾತ್ರ ತಲುಪುತ್ತಿತ್ತು. ಕನೆಕ್ಟರಿನ ಒಂದು ಪಿನ್ ಕರಿಕಟ್ಟಿ ಹೋಗಿತ್ತು. ದಪ್ಪ ವೈರು, ಹೊಸ ರಿಲೇ, ಫ್ಯೂಸ್ ಹಾಕಿದ ಮೇಲೆ ಮುಳ್ಳು ಕದಲಲಿಲ್ಲ.

ಪೆಟ್ರೋಲ್ ಸಾಲದಿದ್ದರೆ 3 ಬಾರಿನ ರೆಗ್ಯುಲೇಟರ್ ತೆಗೆದು 4 ಬಾರಿನದು ಹಾಕು ಎನ್ನುವವರಿದ್ದಾರೆ. ಕಾಗದದ ಮೇಲೆ ಶೇ 15ರಷ್ಟು ಹೆಚ್ಚು ಪೆಟ್ರೋಲ್ ಬರುತ್ತದೆ, ನಿಜ. ಆದರೆ ಒತ್ತಡ ಏರಿದಷ್ಟೂ ಪಂಪ್ ತಳ್ಳುವ ಪ್ರಮಾಣ ಇಳಿಯುತ್ತದೆ. ಬಳಲುತ್ತಿರುವ ಪಂಪಿಗೆ ಅದು ಗಾಯದ ಮೇಲೆ ಬರೆ. ಇಂಜೆಕ್ಟರಿಗೂ ಒಂದು ಮಿತಿ ಇದೆ. 6,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಪೂರ್ತಿ ಸುತ್ತಿಗೆ ಸಿಗುವುದು 20 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ 17 ಮಿಲಿಸೆಕೆಂಡ್ ತೆರೆದೇ ಇದ್ದರೆ ಶೇ 85 ಮುಗಿಯಿತು. ಅದರಾಚೆ ಬೂಸ್ಟ್ ಬೇಕಿದ್ದರೆ ದೊಡ್ಡ ಇಂಜೆಕ್ಟರ್, ಅದಕ್ಕೆ ಹೊಂದುವ ಇಸಿಯು ಮ್ಯಾಪ್ ಎರಡೂ ಬೇಕು.

ಇದನ್ನೆಲ್ಲ ಕಣ್ಣಿಗೆ ಕಾಣಿಸುವುದು ವೈಡ್‌ಬ್ಯಾಂಡ್ ಸೆನ್ಸರ್. ಹಳೆಯ ಕಾರುಗಳ ಸಾಮಾನ್ಯ ಆಕ್ಸಿಜನ್ ಸೆನ್ಸರಿಗೆ ಮಿಶ್ರಣ ರಿಚ್ಚೋ (ಪೆಟ್ರೋಲ್ ಹೆಚ್ಚು) ಲೀನೋ (ಪೆಟ್ರೋಲ್ ಕಡಿಮೆ) ಅಷ್ಟೇ ಗೊತ್ತು, ಎಷ್ಟೆಂದು ತಿಳಿಯದು. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ (ಸರಿಸಮ ಮಿಶ್ರಣಕ್ಕೆ ಹೋಲಿಸಿದ ಅಳತೆ; ರಿಚ್ ಆದಷ್ಟೂ ಇಳಿಯುತ್ತದೆ) 0.80ರಿಂದ 0.85ರೊಳಗೆ ಇರುವಂತೆ ನಾನು ನೋಡಿಕೊಳ್ಳುತ್ತೇನೆ. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತಾ ಸಿಲಿಂಡರನ್ನು ತಂಪಾಗಿಡುತ್ತದೆ. ಗೇಜನ್ನು ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಬದಲು ಲ್ಯಾಂಬ್ಡಾದಲ್ಲೇ ಓದುವುದು ಒಳ್ಳೆಯದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲಿಗೆ ಹಳೆಯ 14.7ರ ಲೆಕ್ಕ ನಡೆಯುವುದಿಲ್ಲ; ಅದಕ್ಕೆ ಸುಮಾರು 13.5. ಎಥನಾಲ್ ನಾಕಿಂಗನ್ನು, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದನ್ನು, ತಡೆಯುತ್ತದೆ, ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೇಳುತ್ತದೆ. ಪಂಪು, ಇಂಜೆಕ್ಟರಿನಲ್ಲಿ ಉಳಿಸಿಕೊಂಡಿದ್ದ ಅವಕಾಶವನ್ನು ಅದು ಸದ್ದಿಲ್ಲದೆ ತಿಂದುಹಾಕುತ್ತದೆ. ಹಳೆಯ ಕಾರಾದರೆ ಅದರ ರಬ್ಬರ್ ಪೈಪುಗಳ ಮೇಲೂ ಕಣ್ಣಿರಲಿ.

ಲೀನ್ ಆಗಿ ಓಡಿದ ಎಂಜಿನ್ ಹೇಗಿರುತ್ತದೆಂದು ಗೆಳೆಯನೊಬ್ಬನ ಕಾರಿನಲ್ಲಿ ನೋಡಿದ್ದೇನೆ. ಬಿಚ್ಚಿದ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಬೂದು ಚುಕ್ಕಿಗಳಿದ್ದವು. ಅವು ಮಸಿಯಲ್ಲ, ಪಿಸ್ಟನ್ನಿನಿಂದ ಕಿತ್ತು ಬಂದ ಅಲ್ಯೂಮಿನಿಯಂ. ಹೆಡ್ ಇಳಿಸಿ ಪಿಸ್ಟನ್ ತೆಗೆದಾಗ ರಿಂಗ್ ಕೂರುವ ಅಂಚೇ ಮುರಿದಿತ್ತು. ಅವನಿಗೆ ನಾಕಿಂಗಿನ ಸದ್ದು ಒಮ್ಮೆಯೂ ಕೇಳಿರಲಿಲ್ಲ. ಎಕ್ಸಾಸ್ಟಿನ ಅಬ್ಬರದಲ್ಲಿ ಕೇಳುವುದೂ ಇಲ್ಲ. ಕಿವಿಯನ್ನು ನಂಬದೆ ಲಾಗ್ ನೋಡಬೇಕು. ನಾಕಿಂಗ್ ಪತ್ತೆಯಾದಾಗ ಇಗ್ನಿಷನ್ ಟೈಮಿಂಗನ್ನು ಇಸಿಯು ಒಂದೆರಡು ಡಿಗ್ರಿ ಹಿಂದೆಳೆಯುವುದು ಸಹಜ. ಒಂದೇ ಸಿಲಿಂಡರಿನಲ್ಲಿ ಮತ್ತೆ ಮತ್ತೆ ಐದಾರು ಡಿಗ್ರಿ ಎಳೆದರೆ ಕಾಲು ತೆಗೆಯಬೇಕು, ಬೂಸ್ಟ್ ಇಳಿಸಬೇಕು.

ನಮ್ಮ ನಾಡಿನ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ತಿರುಪಿನ ಕಂಟ್ರೋಲರ್ ಹಾಕಿ ಇಲ್ಲಿ 1 ಬಾರ್ ಇಟ್ಟ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೂ ಗೇಜ್ 1 ಬಾರನ್ನೇ ತೋರಿಸುತ್ತದೆ. ಆದರೆ ಒಟ್ಟು ಒತ್ತಡ 1.91ರಿಂದ 2.01ಕ್ಕೆ ಏರಿರುತ್ತದೆ, ಸುಮಾರು ಶೇ 5ರಷ್ಟು ಹೆಚ್ಚು. ಮೇಲಿಂದ ಕರಾವಳಿಯ ಸೆಕೆ. ಬೆಂಗಳೂರಿನ ಮುಂಜಾವಿನ ತಂಪಿನಲ್ಲಿ ಅಂಚಿಗೆ ತಂದು ನಿಲ್ಲಿಸಿದ ಸೆಟ್ಟಿಂಗ್ ಅಲ್ಲಿ ಅಂಚು ದಾಟುತ್ತದೆ. ಆದ್ದರಿಂದಲೇ ನಾನು ತಿರುಪಿನ ಕಂಟ್ರೋಲರ್ ಬಿಟ್ಟು, ಒಟ್ಟು ಒತ್ತಡ ನೋಡಿ ಬೂಸ್ಟ್ ನಿರ್ಧರಿಸುವ ಮ್ಯಾಪನ್ನೇ ಆರಿಸಿಕೊಂಡೆ. ಮಿತಿ ಮೀರಿದರೆ ಪೆಟ್ರೋಲ್ ಕಡಿಯುವ ಏರ್ಪಾಡನ್ನು ತೆಗೆಸಲಿಲ್ಲ. ಬೂಸ್ಟನ್ನು 0.1 ಬಾರಿನಂತೆ ಏರಿಸಿ, ಪ್ರತಿಸಲವೂ ಲಾಗ್ ನೋಡಿ ಮುಂದುವರಿದೆವು. ಪೆಟ್ರೋಲಿನ ಒತ್ತಡ ಇಳಿಯುವ ಮೊದಲ ಸೂಚನೆ ಕಂಡಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಂತೆವು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಹೊಸದಾಗಿ ಇದಕ್ಕೆ ಕೈಹಾಕುವವರಿಗೆ ಒಂದು ಮಾತು. ದೊಡ್ಡ ಟರ್ಬೊಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ವೈಡ್‌ಬ್ಯಾಂಡ್ ಸೆನ್ಸರ್, ಫ್ಯೂಯಲ್ ಪ್ರೆಶರ್ ಗೇಜ್, ಒಂದು ಗಂಟೆಯ ಡೈನೋ ಸಮಯ ಕೊಳ್ಳಿ. ವಾಹನದ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ, ವಿಮಾ ಕಂಪನಿಗೆ ತಿಳಿಸಿ. ಪೆಟ್ರೋಲ್ ಸಾಕಷ್ಟು ಬರುತ್ತಿದೆ ಎಂದು ಅಳತೆ ಹೇಳುವವರೆಗೆ ಬೂಸ್ಟಿನ ತಿರುಪು ಮುಟ್ಟಬೇಡಿ.